ಹದಿನಾಲ್ಕನೇ ಮನೆಗೆ ಹೇಳದ ಪುಸ್ತಕ

ನಾನು ಒಂದು ಪುಸ್ತಕ, ಅದರಲ್ಲೂ ಪುಕ್ಕಲು ಪುಸ್ತಕ. ಗದಗಿನ ಸಣ್ಣ ಮುದ್ರಣಾಲಯವೊಂದರಲ್ಲಿ ಐನೂರು ಒಡಹುಟ್ಟಿದವರ ಜೊತೆ ಹುಟ್ಟಿದೆ. ನೂರಾ ಹನ್ನೆರಡು ಪುಟ, ತಿಳಿ ಹಸಿರು ಮುಖಪುಟ, ಮೈಯೆಲ್ಲ ಅಂಟಿನ ವಾಸನೆ. ನನ್ನನ್ನು ಬರೆದವರು ಹುಬ್ಬಳ್ಳಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ದುಡಿದ ಮಾರ್ಗರೇಟ್ ಸಿಸ್ಟರ್. ತಾವು ಕಂಡ ತಾಯಂದಿರ ಕಥೆಗಳನ್ನು ಹೆಸರು ಬದಲಿಸಿ ಬರೆದಿದ್ದರು. ಹೆಸರು ಬದಲಿಸಿದರೆ ಸಾಕು, ಯಾರಿಗೂ ನೋವಾಗದು ಎಂದು ಪಾಪ ನಂಬಿದ್ದರು. ನಾನೂ ನಂಬಿದ್ದೆ.

ಅಂಗಡಿಯವರು ನಮ್ಮನ್ನು ಕೆಳಗಿನ ಕಪಾಟಿಗೆ ತಳ್ಳಿದರು. ಪತ್ರಿಕೆಗಳು ಕಣ್ಣೆತ್ತಿ ನೋಡಲಿಲ್ಲ. ನಮ್ಮನ್ನು ಬದುಕಿಸಿದ್ದು ಹೆಂಗಸರ ಬಾಯಿ. ಸಿಸ್ಟರ್ ನನ್ನನ್ನು ಗಿರಣಿ ಕೆಲಸಗಾರರ ಚಾಳಿನ ಒಂಬತ್ತನೇ ಮನೆಯ ಕಸ್ತೂರೆವ್ವನಿಗೆ ಕೊಟ್ಟರು. ಆಕೆ ಎರಡೇ ದಿನದಲ್ಲಿ ಓದಿ ಮುಗಿಸಿ, ಮರುದಿನ ನಲ್ಲಿಯ ಹತ್ತಿರ ಕೊಡ ಇಟ್ಟವಳೇ ಶುರು ಮಾಡಿದಳು.

"ಏ, ಓದ್ರೇ ಇದನ್ನ! ಎರಡನೇ ಕಥಿ ಓದ್ಕೋತ ಕುಂತು ಒಲಿ ಮ್ಯಾಲಿನ ಪಲ್ಯ ಸೀಸಿಬಿಟ್ನಿ."

ಸೀದ ಪಲ್ಯಕ್ಕಿಂತ ದೊಡ್ಡ ಜಾಹೀರಾತು ಬೇಕೆ? ನನಗೆ ಬೇಕು, ತನಗೆ ಬೇಕು ಎಂದು ಎಲ್ಲರೂ ಮುಗಿಬಿದ್ದರು. ಆ ಚಾಳಿನಲ್ಲಿ ನೀರಿಗೆ ಪಾಳಿ, ಶಾವಿಗೆ ಹೊಸೆಯುವ ಮಣೆಗೆ ಪಾಳಿ; ನನಗೂ ಪಾಳಿ ಹಚ್ಚಿದರು. ಮನೆಗೊಂದು ವಾರ. ಓದಿದವರು ನನ್ನ ಕೊನೆಯ ಖಾಲಿ ಪುಟದಲ್ಲಿ ತಮ್ಮ ಮನೆ ನಂಬರು ಬರೆದು ಪಕ್ಕದ ಮನೆಗೆ ದಾಟಿಸಬೇಕು. ಓದಲು ಬಾರದವರಿಗೆ ಮನೆಯಲ್ಲಿ ಯಾರಾದರೂ ಓದಿ ಹೇಳಬೇಕು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಹದಿಮೂರನೇ ಮನೆಯಲ್ಲಿ ಹಿಗ್ಗು ಇಳಿಯಿತು. ಅಲ್ಲಿ ಸೊಸೆ ತನ್ನ ಅತ್ತೆ ನೀಲವ್ವನಿಗೆ ಏಳನೇ ಕಥೆ ಓದುತ್ತಿದ್ದಳು. ಹಡೆದವಳು ಆಸ್ಪತ್ರೆಯಲ್ಲೇ ಬಿಟ್ಟುಹೋದ ಕೂಸನ್ನು ಮಕ್ಕಳಿಲ್ಲದ ಗಂಡಹೆಂಡತಿ ಮನೆಗೆ ಒಯ್ಯುವ ಕಥೆ ಅದು. ಹೊದಿಸಲು ಬಟ್ಟೆಯಿಲ್ಲದೆ ಆ ಗಂಡ ತನ್ನ ಖಾಕಿ ಅಂಗಿಯನ್ನೇ ಬಿಚ್ಚಿ ಕೂಸಿಗೆ ಸುತ್ತಿ, ಬನೀನಿನಲ್ಲೇ ಹೊರಡುತ್ತಾನೆ.

"ನಿಲ್ಸು," ಎಂದಳು ಮುದುಕಿ. "ಇದು ಬಾಜೂ ಮನಿ ಫಕೀರವ್ವಂದು. ಆಕಿ ಗಂಡ ಕೂಸಿನ್ನ ಅಂಗ್ಯಾಗ ಸುತ್ಕೊಂಡು ಬಂದಿದ್ದು ನಾ ಈ ಕಣ್ಣಿಲೆ ನೋಡೀನಿ. ತವರಿಗೆ ಹೋಗಿ ಹಡದು ಬಂದಾಳ ಅಂತ ತಿಳಿದಿದ್ವಲ್ಲ!"

ಸೊಸೆ ನನ್ನನ್ನು ಪಟ್ಟನೆ ಮುಚ್ಚಿದಳು. ಫಕೀರವ್ವನ ಗಂಡ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಆಕೆಗೆ ಉಳಿದವಳು ಮಗಳು ಶಕ್ಕು ಒಬ್ಬಳೇ, ಕಾಲೇಜಿಗೆ ಹೋಗುವ ಹುಡುಗಿ. ಆ ಅಂಗಿಯ ಕಥೆಯನ್ನು ಅಪ್ಪ ಹೇಳಿ ಹೇಳಿ ಅವಳನ್ನು ನಗಿಸುತ್ತಿದ್ದ; ಹಡೆದವಳು ಬೇರೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

"ಹದಿನಾಲ್ಕಕ್ಕ ಕೊಡಬ್ಯಾಡ್ರಿ," ಎಂದು ನೀಲವ್ವ ಚಾಳಿಗೆಲ್ಲ ತಾಕೀತು ಮಾಡಿದಳು. "ಆ ಹುಡುಗಿ ಓದಿದ್ರ ತಾಯಿ ಮಗಳ ಗತಿ ಏನು?"

ಅಲ್ಲಿಂದ ನನ್ನ ಭಯ ಶುರುವಾಯಿತು. ನನ್ನನ್ನು ಹೊಗಳುವ ಬಾಯಿಗಳೆಲ್ಲ ಶಕ್ಕು ಕಂಡೊಡನೆ ಮುಚ್ಚಿಕೊಳ್ಳುತ್ತಿದ್ದವು. ನನ್ನನ್ನು ಕೌದಿಯ ಕೆಳಗೆ, ಜೋಳದ ಡಬ್ಬಿಯ ಹಿಂದೆ ತುರುಕುತ್ತಿದ್ದರು. ಹೊರಗೆ ಅವಳ ಚಪ್ಪಲಿಯ ಸದ್ದು ಕೇಳಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಒಳ್ಳೆಯ ಮನಸ್ಸಿನ ಆ ಹೆಂಗಸರು ಒಂದೇ ಒಂದು ತಪ್ಪು ಮಾಡಿದರು. ಪಾಳಿಯ ನಂಬರನ್ನು ನಿಯತ್ತಾಗಿ ಬರೆಯುತ್ತಲೇ ಹೋದರು.

ಒಂದು ಭಾನುವಾರ ಶಕ್ಕು ಸೂಜಿ ಕೇಳಲು ಹತ್ತೊಂಬತ್ತನೇ ಮನೆಗೆ ಬಂದಳು. ಕೌದಿಯ ಅಂಚಿನಲ್ಲಿ ನನ್ನ ಹಸಿರು ಮೂಲೆ ಕಂಡು ಎಳೆದುಕೊಂಡಳು. ಕೊನೆಯ ಪುಟ ತೆರೆಯಿತು. ಹನ್ನೆರಡು, ಹದಿಮೂರು, ಹದಿನೈದು, ಹದಿನಾರು.

"ಎಲ್ಲಾರ ಮನಿಗೂ ಹೋಗೇತಿ. ನಮ್ಮನಿ ಏನ್ ತಪ್ಪು ಮಾಡಿತ್ರಿ?"

ಅವಳು ನನ್ನನ್ನು ಎದೆಗವಚಿಕೊಂಡು ಮನೆಗೆ ನಡೆದಳು. ನನ್ನ ಅಕ್ಷರಗಳೆಲ್ಲ ಅಳಿಸಿಹೋಗಲಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡೆ.

ಹೊಸ್ತಿಲಲ್ಲಿ ಕೂತು ಓದಿದಳು. ಏಳನೇ ಕಥೆಯ 'ಖಾಕಿ' ಎಂಬಲ್ಲಿ ಅವಳ ಬೆರಳು ನಿಂತಿತು. ಆ ಪುಟವನ್ನು ಮೂರು ಸಲ ಓದಿದಳು. ಅವಳ ಬೆರಳಿನ ಬೆವರಿಗೆ ನನ್ನ ಕಾಗದ ಒದ್ದೆಯಾಯಿತು. ಅಷ್ಟರಲ್ಲಿ ಫಕೀರವ್ವ ಸಂತೆಯಿಂದ ಬಂದಳು.

"ಅದೇ ಏನು, ಎಲ್ಲಾರೂ ಮಾತಾಡೂ ಪುಸ್ತಕ? ನನ್ನ ಕಂಡ್ರ ಸುಮ್ಮನಾಗ್ತಾರಲ್ಲ. ಏನೈತಿ ಅದರಾಗ? ಓದು ನೋಡೋಣು."

ಆಕೆಗೆ ಅಕ್ಷರ ಬಾರದು. ಆದರೆ ಸಂತೆಯ ಚೀಲ ಕೆಳಗಿಡುವುದನ್ನೂ ಮರೆತು ನಿಂತಿದ್ದಳು. ಶಕ್ಕು ತಾಯಿಯ ಮುಖ ನೋಡಿದಳು, ಆಮೇಲೆ ನನ್ನನ್ನು.

"ಒಬ್ಬಾಕಿ ತಾಯಿ ತಾನು ಹಡೆದ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಮನೆಗೆ ಹೊರಟಳು," ಎಂದು ಓದಿದಳು. "ಕೂಸು ದಾರಿ ತುಂಬ ನಿದ್ದೆ ಮಾಡಿತು."

ನನ್ನಲ್ಲಿ ಅಂಥ ಒಂದು ಸಾಲೂ ಇಲ್ಲ. ಫಕೀರವ್ವ ಉಸಿರು ಬಿಟ್ಟಳು.

"ಅಷ್ಟ ಏನು?"

"ಅಷ್ಟ ಬೇ."

ಮರುದಿನ ನಲ್ಲಿಯ ಹತ್ತಿರ ಫಕೀರವ್ವನೇ ಎಲ್ಲರಿಗೂ ಹೇಳಿದಳು: "ಏಳನೇ ಕಥಿ ಓದ್ರೆ ಯವ್ವಾ, ಭಾಳ ಛಲೋ ಐತಿ. ನಮ್ಮ ಶಕ್ಕು ಓದಿ ಹೇಳಿದ್ಲು." ಕೊಡ ತುಂಬಿ ನೀರು ಚೆಲ್ಲುತ್ತಿತ್ತು, ಯಾರೂ ಸರಿಸಲಿಲ್ಲ. ಕೊನೆಗೆ ಕಸ್ತೂರೆವ್ವ, "ಹೌದ್ರಿ, ಭಾಳ ಛಲೋ ಐತಿ," ಎಂದು ಮುಖ ತಿರುಗಿಸಿದಳು. ನನ್ನನ್ನು ಮತ್ತೆ ಯಾರೂ ಕೇಳಲಿಲ್ಲ.

ನನ್ನ ಒಡಹುಟ್ಟಿದವರು ಬಾಯಿಂದ ಬಾಯಿಗೆ ಹೋಗಿ ನಾಲ್ಕನೇ ಮುದ್ರಣ ಕಂಡರಂತೆ. ನಾನು ಶಕ್ಕುವಿನ ಟ್ರಂಕಿನಲ್ಲಿ ಮುದಿಯಾದೆ. ಬೆನ್ನು ಬಿಟ್ಟಿದೆ, ಅಂಚು ಹುಳ ತಿಂದಿದೆ. ಈಗ ಅವಳು ಟೀಚರು. ಕಣ್ಣು ಮಂಜಾದ ತಾಯಿ ಅವಳ ಜೊತೆಗೇ ಇದ್ದಾಳೆ. ಮುದುಕಿ ಆಗಾಗ ಆ ಕಥೆ ಕೇಳುತ್ತಾಳೆ. ಶಕ್ಕು ನನ್ನನ್ನು ತೆರೆದು, ನನ್ನಲ್ಲಿಲ್ಲದ್ದನ್ನು ಓದುತ್ತಾಳೆ. ಒಂದು ಮಾತು ಆಚೀಚೆಯಾದರೂ ಎಲ್ಲ ಬಯಲಾದೀತೆಂದು ಅವಳ ಜೊತೆ ನಾನೂ ಇಪ್ಪತ್ತೆರಡು ವರ್ಷ ನಡುಗಿದ್ದೇನೆ. ಜನ ಮೆಚ್ಚಿದ ಪುಸ್ತಕಕ್ಕೆ ಇಂಥ ಬಾಳೂ ಇರುತ್ತದೆ ಎಂದು ಯಾರಿಗೆ ಹೇಳಲಿ?

ಮೊನ್ನೆ ಅವಳಿಗೆ ದಣಿವಾಗಿತ್ತು. "ಮಡಿಲಲ್ಲಿ ಮಲಗಿಸಿಕೊಂಡು..." ಎಂದವಳು ಮುಂದಿನದನ್ನು ಮರೆತು ತಡವರಿಸಿದಳು. ನನ್ನ ಜೀವ ಬಾಯಿಗೆ ಬಂತು.

ಮುದುಕಿ ತಡಕಾಡಿ ಮಗಳ ಕೈ ಹಿಡಿದಳು.

"ಕೂಸು ನಿದ್ದಿ ಮಾಡಿತು ಅಂತ ಓದ್ತಿದ್ದಿ ಪ್ರತಿ ಸಲ," ಎಂದಳು. "ನಿದ್ದಿ ಎಲ್ಲಿ ಮಾಡಿದ್ದಿ ಮಗಳ, ಹಾದಿ ತುಂಬ ಅತ್ತಿದ್ದಿ. ನಾನೂ ಅತ್ತಿದ್ನಿ, ನಿನ್ನ ಯಾರರ ತಿರುಗಿ ಕಸಗೊಂಡಾರು ಅಂತ."

ಶಕ್ಕು ನನ್ನನ್ನು ಮುಚ್ಚಿ ಕೆಳಗಿಟ್ಟು, ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು.

"ಮುಂದ ಹೇಳ ಬೇ," ಎಂದಳು.