ವೆರ್ಲಾಕ್ ಊರಿನ ಮೆಟ್ಟಿಲು

ನನ್ನ ಗಂಡ ರಘೋತ್ತಮ ಫ್ರಾನ್ಸಿನ ವೆರ್ಲಾಕ್ ಎಂಬ ಸಣ್ಣ ಊರಿನ ಹೊಳೆಯಲ್ಲಿ ಕಾಣೆಯಾದ ಮೂರನೆಯ ದಿನ, ವಾರದ ಹಿಂದೆ ಅವರೇ ಪೋಸ್ಟ್ ಮಾಡಿದ್ದ ಆ ಊರಿನ ಇಂಗ್ಲಿಷ್ ಪ್ರವಾಸಿ ಪುಸ್ತಿಕೆ ಅಮೆರಿಕದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂತು. ೧೯೮೪ರ ನವೆಂಬರ್. ಆಫೀಸಿನ ಮೆಷಿನ್ನೊಂದನ್ನು ಅಲ್ಲಿನ ಕಾರ್ಖಾನೆಗೆ ಕೂಡಿಸಿಕೊಡಲು ಹೋಗಿದ್ದರು.

ಪುಸ್ತಿಕೆಯನ್ನು ಎಷ್ಟು ಸಲ ಓದಿದೆನೋ. ಎಂಟುನೂರು ವರ್ಷದ ಕಲ್ಲಿನ ಸೇತುವೆ. ಪ್ರವಾಹದಲ್ಲಿ ಎರಡು ಕಮಾನು ಕೊಚ್ಚಿಹೋಗಿ ಮತ್ತೆ ಕಟ್ಟಿದ್ದು. ಚರ್ಚಿನ ಗೋಡೆಯ ಮೇಲೆ ನೀರು ಏರಿದ ವರ್ಷಗಳ ಗೆರೆ. ಹಿಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಮೆಟ್ಟಿಲು, ನೋಡದೆ ಹೋಗಬಾರದ ಜಾಗವಂತೆ. ನಾನು ಮಾತ್ರ ಮನುಷ್ಯನೊಬ್ಬ ಎಲ್ಲಿ ಸಿಕ್ಕಿಕೊಂಡಿರಬಹುದು ಎಂದು ಹುಡುಕುತ್ತಾ ಓದಿದೆ. ಕೊನೆಯಲ್ಲಿ ಹೊಳೆಯ ದಡದ ಹಿಟ್ಟಿನ ಗಿರಣಿಯ ಹಳೆಯ ಚಿತ್ರವಿತ್ತು. ಅಲ್ಲಿ ಕಂಬ ಹಿಡಿದುಕೊಂಡಿರಬಹುದು. ಮೂರು ದಿನ ಯಾರು ಹಿಡಿದುಕೊಂಡಿರುತ್ತಾರೆ ಎಂದು ಬುದ್ಧಿ ಕೇಳಿತು. ಬಾಯಿ ಮುಚ್ಚು ಎಂದೆ.

ಪಕ್ಕದೂರು ಯೂನಿಯನ್ ಸಿಟಿಯ ಸ್ನೇಹಿತರಾದ ಗುರುಪ್ರಸಾದರಿಗೆ ಪಾಂಡಿಚೇರಿಯಲ್ಲಿ ಕಲಿತ ಫ್ರೆಂಚು ಬರುತ್ತಿತ್ತು. ಮರುದಿನ ಬೆಳಿಗ್ಗೆಯೇ ಬಂದು ನಮ್ಮ ಫೋನಿನಿಂದ ಅಲ್ಲಿನ ಪೊಲೀಸರಿಗೆ ಕರೆ ಮಾಡಿದರು. ಗಿರಣಿಯಲ್ಲಿ ನೋಡಿ ಎಂದು ಹೇಳಿಸಿದೆ. ಅದು ಯುದ್ಧದಲ್ಲಿ ಸುಟ್ಟುಹೋಗಿದೆ, ಈಗ ಅಲ್ಲಿ ಬರೀ ಹುಲ್ಲು ಎಂದು ಪೊಲೀಸರ ಉತ್ತರ ಬಂತು. ನನಗೆ ಆ ಊರಿನ ಚರಿತ್ರೆಯ ಮೇಲೆಯೇ ಸಿಟ್ಟು ಬಂತು.

ಆಮೇಲೆ ಗುರುಪ್ರಸಾದರು ರಿಸೀವರಿಗೆ ಕೈ ಅಡ್ಡ ಹಿಡಿದು, ನನ್ನ ಮುಖ ನೋಡದೆ ಹೇಳಿದರು. ಮೆಟ್ಟಿಲ ಮೇಲೆ ಬಟ್ಟೆ ಮಡಿಸಿಟ್ಟಿತ್ತು, ಅದರ ಮೇಲೆ ವಾಚು, ಕನ್ನಡಕ. ಇಂಥ ಚಳಿಯ ನಸುಕಿನಲ್ಲಿ ಯಾರೂ ಮೋಜಿಗೆಂದು ನೀರಿಗೆ ಇಳಿಯುವುದಿಲ್ಲ. ಆತ್ಮಹತ್ಯೆ ಎಂದು ಬರೆದುಕೊಂಡು ಇವತ್ತಿಗೆ ಹುಡುಕುವ ದೋಣಿಯನ್ನು ವಾಪಸ್ ಕರೆಸುತ್ತಾರಂತೆ.

"ಅಲ್ಲ, ಕಾರ್ತಿಕ ಸ್ನಾನ," ಎಂದೆ. "ಹೊಳೆ ದಡದಲ್ಲೇ ಇದೀರ, ಹೋಟೆಲ್ ಷವರ್ ಕೆಳಗೆ ನಿಂತ್ಕೊಂಡು ಬರ್ಬೇಡಿ, ಸೂರ್ಯ ಹುಟ್ಟೋಕ್ ಮುಂಚೆ ಒಂದ್ ಮುಳುಗು ಹಾಕಿ ಅಂತ ನಾನೇ ಫೋನಲ್ಲಿ ಹೇಳಿದ್ದು. ಅವರು ಬೇಡ ಅಂದ್ರು. ಜಗಳ ಆಡಿ ಒಪ್ಪಿಸ್ದೆ. ಅದನ್ನ ಹೇಳಿ ಅವರಿಗೆ."

ಗುರುಪ್ರಸಾದರು ತುಂಬ ಹೊತ್ತು ಹೇಳಿದರು. ಕಾರ್ತಿಕ ಮಾಸಕ್ಕೆ ಅವರಲ್ಲಿ ಫ್ರೆಂಚು ಮಾತಿರಲಿಲ್ಲ. ದೇವರು, ನೀರು, ಹೆಂಡತಿ ಎಂದು ಏನೇನೋ ಜೋಡಿಸಿದರು. ಕೊನೆಗೆ, ದೋಣಿ ಇನ್ನೆರಡು ದಿನ ಹುಡುಕುತ್ತದೆ ಎಂದರು. ನನಗೆ ಜೀವ ಬಂದ ಹಾಗಾಯಿತು. ಅವರ ಕೈ ಹಿಡಿದುಕೊಂಡೆ.

ಆ ಕಡೆಯ ಅಧಿಕಾರಿಗೆ ಇನ್ನೊಂದೇ ಪ್ರಶ್ನೆಯಿತ್ತು. ನಿಮ್ಮ ಯಜಮಾನರಿಗೆ ಈಜು ಬರುತ್ತದೆಯೇ ಎಂದು.

"ಬರಲ್ಲ," ಎಂದೆ. "ನಂಗೆ ಗೊತ್ತಿತ್ತು."