ನಮ್ಮವರ ಗಾಡಿ

ಮರಾಠಿಯಲ್ಲಿ ಜಗಳಕ್ಕೆ ನಿಂತರೆ ಸೋಮಲಿಂಗನನ್ನು ಹಿಡಿಯುವವರಿರಲಿಲ್ಲ. ನಾಸಿಕದ ದ್ವಾರಕಾ ಸರ್ಕಲ್ಲಿನ ಹಿಂದಿದ್ದ ಅವನ ಗ್ಯಾರೇಜಿಗೆ ಎಂಥ ಸಾಹುಕಾರ ಬರಲಿ, ಆಗದ ಕೆಲಸವನ್ನು ಆಗದು ಎಂದು ಮುಖಕ್ಕೆ ಹೇಳಿಬಿಡುತ್ತಿದ್ದ. ಸಿನ್ನರಿನ ಕಾರ್ಖಾನೆಯ ಮೇಲ್ವಿಚಾರಕನೊಬ್ಬ ಹಳೆಯ ಕಾರಿಗೆ ಭಾರದ ಇಂಜಿನ್ ಹಾಕಿಸಿ, ಬ್ರೇಕಿನ ಕೆಲಸ ಆಮೇಲೆ ನೋಡೋಣ ಎಂದಾಗ ಇವನು ಕೀಲಿಯನ್ನು ಜೇಬಿಗಿಳಿಸಿ ಕೂತುಬಿಟ್ಟ. ಆತ ಕೂಗಾಡಿದ, ಪೊಲೀಸರನ್ನು ಕರೆಸುತ್ತೇನೆಂದ. ಕೀಲಿ ಜೇಬು ಬಿಟ್ಟು ಬರಲಿಲ್ಲ. ಆ ರಂಪವನ್ನು ಸ್ಟೂಲಿನ ಮೇಲೆ ಕೂತು ನೋಡಿ ನಕ್ಕವರಲ್ಲಿ ಬಿಂದುಮಾಧವರಾಯರೂ ಒಬ್ಬರು.

ಇಂಥ ಗಟ್ಟಿ ಮನುಷ್ಯ ಕನ್ನಡ ಕಿವಿಗೆ ಬಿದ್ದರೆ ಮೆತ್ತಗಾಗುತ್ತಿದ್ದ. ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಅವ್ವ ಸಕ್ರವ್ವನ ಸೆರಗು ಹಿಡಿದು ಬಂದು ಇಲ್ಲೇ ಬೆಳೆದವನು ಅವನು. ಅವ್ವ ತೀರಿಹೋದ ಮೇಲೆ ಉಂಡೆಯಾ ಎಂದು ಕನ್ನಡದಲ್ಲಿ ಕೇಳಿದವರೇ ಇರಲಿಲ್ಲ. ಬ್ಯಾಂಕಿನ ಮ್ಯಾನೇಜರಾಗಿ ಬಾಗಲಕೋಟೆಯ ಕಡೆಯಿಂದ ವರ್ಗವಾಗಿ ಬಂದ ರಾಯರ ಹೆಂಡತಿ ಅಲಕಾ ಮೊದಲ ಭೇಟಿಯಲ್ಲೇ ಅದನ್ನು ಕೇಳಿದರು. ಆಮೇಲೆ ಹಬ್ಬ ಬಂದರೆ ಹೋಳಿಗೆ, ಹಬ್ಬವಿಲ್ಲದಿದ್ದರೆ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಗ್ಯಾರೇಜಿಗೆ ಬರುವುದು ರೂಢಿಯಾಯಿತು. ಆ ಡಬ್ಬಿ ತೆರೆಯುವಾಗ ಅವನಿಗೆ ಅವ್ವನ ಕೈಯಡುಗೆ ನೆನಪಾಗುತ್ತಿತ್ತು. ಅದನ್ನು ಯಾರಿಗೂ ಹೇಳಿಕೊಂಡವನಲ್ಲ.

ರಾಯರದು ಹಳೆಯ ಫಿಯಾಟ್, ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇರುತ್ತಿದ್ದ ಕಾಲದ್ದು. ಮದುವೆಯ ಹೊಸತರಲ್ಲಿ ಕೊಂಡ ಗಾಡಿ. ಊರೂರು ವರ್ಗವಾದಾಗಲೂ ಗಂಡ ಹೆಂಡತಿ ಅದನ್ನು ಬಿಟ್ಟುಬಂದಿರಲಿಲ್ಲ. ಆ ವರ್ಷ ಶ್ರಾವಣದ ಮೊದಲಿಗೇ ಅದರ ಇಂಜಿನ್ ಜಾಮಾಗಿ, ರಿಪೇರಿಯಾಗದಂತೆ ಬ್ಲಾಕೇ ಸೀಳಿತು. ಅದೇ ಹೊತ್ತಿಗೆ ಹುಬ್ಬಳ್ಳಿಗೆ ವರ್ಗದ ಆರ್ಡರು ಬಂತು. ಹೊರಡುವ ಮೊದಲು ಶ್ರಾವಣ ಸೋಮವಾರದಂದು ಗುಹಾದೇಗುಲಗಳ ವೇರೂಳಿನಲ್ಲಿ ಜ್ಯೋತಿರ್ಲಿಂಗ ಘೃಷ್ಣೇಶ್ವರನ ದರ್ಶನ ಮಾಡಬೇಕು, ಅದೂ ತಮ್ಮ ಗಾಡಿಯಲ್ಲೇ, ಎಂದು ಅಲಕಾ ಹಟ ಹಿಡಿದರು. ನಾಸಿಕಕ್ಕೆ ಬಂದಾಗಿನಿಂದ ಮುಂದಕ್ಕೆ ಹಾಕುತ್ತಲೇ ಬಂದ ಯಾತ್ರೆ ಅದು.

ಆಗಿನ್ನೂ ಔರಂಗಾಬಾದ್ ಎಂದೇ ಬೋರ್ಡುಗಳಲ್ಲಿ ಬರೆಯುತ್ತಿದ್ದ ಸಂಭಾಜಿನಗರದ ಗುಜರಿ ಬಜಾರಿಗೆ ರಾಯರು, ಸೋಮಲಿಂಗ ಇಬ್ಬರೂ ಹೋದರು. ಗುಜರಿಯವನು ಎರಡು ಇಂಜಿನ್ ತೋರಿಸಿದ. ಒಂದು ಇದೇ ಜಾತಿಯ ಪೆಟ್ರೋಲಿನದು. ಗೇರ್‌ಬಾಕ್ಸಿಗೆ ಹಾಗೇ ಕೂರುತ್ತಿತ್ತು, ಆದರೆ ಸಿಲಿಂಡರುಗಳು ಸವೆದು ಹೋಗಿದ್ದವು. ಅದನ್ನು ಸರಿಮಾಡುವಷ್ಟರಲ್ಲಿ ಶ್ರಾವಣವೇ ಮುಗಿಯುತ್ತಿತ್ತು. ಇನ್ನೊಂದು ಯಾವುದೋ ವ್ಯಾನಿನಿಂದ ಬಿಚ್ಚಿದ ಡೀಸೆಲ್ ಇಂಜಿನ್. ಬ್ಯಾಟರಿ ಕೊಟ್ಟ ಕೂಡಲೇ ಗುಡುಗಿತು. ನಡುವೆ ಒಂದು ಪ್ಲೇಟು ಮಾಡಿಸಿ, ಇಂಜಿನ್ ಕೂರುವ ಜಾಗ ಬದಲಿಸಿದರೆ ರಾಯರ ಗೇರ್‌ಬಾಕ್ಸಿಗೆ ಅದೂ ಹೊಂದುತ್ತಿತ್ತು. ರಾಯರ ಮುಖ ಅರಳಿತು. ಸೋಮಲಿಂಗ ಮಾತ್ರ ಇಂಜಿನ್ನಿನ ಸುತ್ತ ಸುತ್ತಿ ಬಂದು ಹೇಳಿದ:

“ಸಾಹೇಬ್ರ, ಇದು ಭಾಳ ವಜ್ಜ ಐತ್ರಿ. ನಿಮ್ಮ ಗಾಡಿ ಬ್ರೇಕು ಇದನ್ನ ತಡಿಯಂಗಿಲ್ಲ. ಅವನ್ನೂ ಬದಲಿ ಮಾಡಬೇಕಾಕ್ಕೈತಿ.”

ಮಾಡಿಸೋಣ, ಅದಕ್ಕೇನು ಎಂದರು ರಾಯರು. ಇದನ್ನು ಸೋಮಲಿಂಗ ಹೇಳಿದ್ದು ಅದೊಂದೇ ಸಲ.

ಇಂಜಿನ್ ಕೂತಿತು. ಮುಂಬಯಿಯಿಂದ ಬರಬೇಕಿದ್ದ ಬ್ರೇಕಿನ ಸಾಮಾನು ಮಾತ್ರ ಇವತ್ತು ನಾಳೆ ಎನ್ನುತ್ತ ಬರಲೇ ಇಲ್ಲ. ಶ್ರಾವಣದ ಕಡೆಯ ಸೋಮವಾರ ಹತ್ತಿರ ಬಂದಾಗ ಅಲಕಾ ತಾವೇ ಡಬ್ಬಿ ಹಿಡಿದು ಗ್ಯಾರೇಜಿಗೆ ಬಂದರು. ವೇರೂಳು ಮುಗಿಸಿ ಬರುತ್ತೇವೆ, ಆಮೇಲೆ ಏನು ಬೇಕಾದರೂ ಬಿಚ್ಚು ಎಂದರು. ಈ ಕಡೆ ಮತ್ತೆ ಬರುವುದು ಆಗುತ್ತದೋ ಇಲ್ಲವೋ ಎಂದೂ ಅಂದರು.

ಬೇಡ ಎನ್ನುವ ಮಾತು ಸೋಮಲಿಂಗನ ಬಾಯಿಗೆ ಬಂದಿತ್ತು. ಸಪಾಟು ರಸ್ತೆಯಲ್ಲಿ ಓಡಿಸಿ ನೋಡಿದ್ದ. ಗಾಡಿ ತಡವಾಗಿ ನಿಲ್ಲುತ್ತಿತ್ತು, ಆದರೂ ನಿಲ್ಲುತ್ತಿತ್ತು. ಕೈಯಲ್ಲಿ ಅವರ ಡಬ್ಬಿ ಬೆಚ್ಚಗಿತ್ತು. ತನಗೆ ಊಟ ತಂದ ಹೆಣ್ಣುಮಗಳ ಮುಂದೆ ಕೀಲಿ ಬಚ್ಚಿಟ್ಟುಕೊಂಡು ನಿಲ್ಲುವುದು ಹೇಗೆ? ಈ ಹಾಳು ದಾಕ್ಷಿಣ್ಯ ಮೈಗೆ ಹತ್ತಿದರೆ ಅಷ್ಟು ಬೇಗ ಬಿಡುವಂಥದ್ದಲ್ಲ. “ಸಾವಕಾಶ ಹೋಗ್ರಿ ಅಕ್ಕಾರ,” ಎಂದಷ್ಟೇ ಹೇಳಿ ಕೀಲಿ ಕೊಟ್ಟ. ಔರಂಗಾಬಾದಿನ ಮೇಲೆ ಹೋದರೆ ಖುಲ್ತಾಬಾದಿನಿಂದ ವೇರೂಳಿಗೆ ಇಳಿಯುವಾಗ ಸಿಗುವ ಘಾಟಿನ ಸುದ್ದಿ ಎತ್ತಲಿಲ್ಲ.

ಸೋಮವಾರ ಬ್ಯಾಂಕಿನವರೊಬ್ಬರು ಫೋನು ಮಾಡಿದರು. ಘಾಟಿಯ ಇಳಿಜಾರಿನಲ್ಲಿ ಒತ್ತಿ ಒತ್ತಿ ಬ್ರೇಕು ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಎಷ್ಟು ತುಳಿದರೂ ಗಾಡಿ ನಿಲ್ಲದಾಯಿತಂತೆ. ಗೇರು ಇಳಿಸಲು ಹೋದರೆ ಅದೂ ಬೀಳಲಿಲ್ಲವಂತೆ. ಕಂದಕಕ್ಕೆ ಬೀಳಬಾರದೆಂದು ರಾಯರು ಗುಡ್ಡದ ಕಡೆಗೆ ತಿರುಗಿಸಿದ್ದರು. ಗುಡ್ಡವಿದ್ದದ್ದು ಅಲಕಾ ಕೂತ ಪಕ್ಕಕ್ಕೆ. ಆಸ್ಪತ್ರೆಗೆ ಒಯ್ಯುವಷ್ಟೂ ಜೀವ ಉಳಿಯಲಿಲ್ಲ.

ಪೊಲೀಸರ ಕೆಲಸ ಮುಗಿದ ಮೇಲೆ ಗಾಡಿಯನ್ನು ಎಳೆದು ತಂದು ಸೋಮಲಿಂಗನ ಅಂಗಳದಲ್ಲೇ ಬಿಟ್ಟರು. ಎಡಗಡೆ ಪೂರ್ತಿ ನುಗ್ಗಾಗಿತ್ತು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಅವನು ಅದರ ಮೇಲೆ ತಾಡಪತ್ರಿ ಹೊದಿಸಿದ. ಅವತ್ತಿನಿಂದ ಅನ್ನ ಸೇರದಾಯಿತು. ರಾಯರು ಬರುತ್ತಾರೆ, ಕೊರಳಪಟ್ಟಿ ಹಿಡಿಯುತ್ತಾರೆ ಎಂದು ಕಾದ. ಹಿಡಿದರೆ ಸಾಕು ಎನ್ನಿಸುತ್ತಿತ್ತು.

ಕರ್ಮಗಳನ್ನೆಲ್ಲ ಮುಗಿಸಿಕೊಂಡು ರಾಯರು ಬಂದರು. ಮುರಿದ ಒಂದು ಕೈ ಪಟ್ಟಿಯಲ್ಲಿ ಕೊರಳಿಗೆ ತೂಗಿತ್ತು. ಕೂಗಲಿಲ್ಲ, ಅಳಲಿಲ್ಲ, ಅದೇ ಸ್ಟೂಲಿನ ಮೇಲೆ ಕೂತರು. ಬ್ರೇಕು ಆಮೇಲೆ ನೋಡೋಣ ಎಂದದ್ದು ನಾನೇ, ಬೇರೆ ಯಾರದೂ ತಪ್ಪಿಲ್ಲವೆಂದು ಪೊಲೀಸರಿಗೆ ಬರೆದುಕೊಟ್ಟೆ ಎಂದರು. ಸೋಮಲಿಂಗ ಅವರ ಕಾಲು ಹಿಡಿಯಲು ಬಗ್ಗಿದ. ಅವರು ಇನ್ನೊಂದು ಕೈಯಿಂದ ತಡೆದರು.

“ಒಂದ ಮಾತ ಹೇಳ್ರಿ. ಅವತ್ತ ಆ ಸಿನ್ನರ್‌ದವಗ ಕೀಲಿ ಕೊಡಲಿಲ್ಲ. ನನಗ್ಯಾಕ ಕೊಟ್ರಿ?”

ಸುಳ್ಳು ಹೇಳಲು ಸೋಮಲಿಂಗನಿಗೆ ಏನೂ ತೋಚಲಿಲ್ಲ. “ನೀವು ನಮ್ಮವರಂತ ಕೊಟ್ಟೆರಿ, ಸಾಹೇಬ್ರ. ಅಕ್ಕಾರಿಗೆ ಇಲ್ಲ ಅನ್ನಾಕ ಬಾಯಿ ಬರಲಿಲ್ಲ.”

ರಾಯರು ಕೂತಲ್ಲೇ ತಾಡಪತ್ರಿಯ ಕಡೆ ತಿರುಗಿದರು.

“ಘಾಟಿನ ಮ್ಯಾಲೆ ನನಗ ಅಂಜಿಕಿ ಬಂತು,” ಎಂದರು. “ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗೂಣ ಅಂದೆ. ಆಕಿ ಬ್ಯಾಡ ಅಂದ್ಳು. ಸೋಮಲಿಂಗ ನಮ್ಮವ, ಅಂಜೂವಂಥಾದ್ದು ಇದ್ರ ಕೀಲಿ ಕೊಡ್ತಿದ್ದಿಲ್ಲ ಅಂದ್ಳು.”

ಅಷ್ಟು ಹೇಳಿ ಸ್ಟೂಲಿಗೆ ಕೈಯೂರಿ ಎದ್ದು, ರಿಕ್ಷಾ ಹಿಡಿಯಲು ರಸ್ತೆಯ ಕಡೆ ನಡೆದರು.