ಇಪ್ಪತ್ತೊಂದು ಮಿಲಿಗ್ರಾಂ

ಎದುರು ನಿಂತು “ಇದನ್ನು ಮುಟ್ಟಬೇಡಿ” ಎಂದು ಹೇಳುವುದು ನನ್ನಿಂದಾಗದ ಕೆಲಸ. ಆದ್ದರಿಂದ ಲ್ಯಾಬಿನಲ್ಲಿ ನನ್ನ ಗಾಜಿನ ನಳಿಕೆಗಳಿಗೆಲ್ಲ ಲೇಬಲ್ ಅಂಟಿಸುತ್ತೇನೆ. ಉಳಿದವರ ಲೇಬಲ್ಲಿನಲ್ಲಿ ಒಂದು ನಂಬರು ಇರುತ್ತದೆ. ನನ್ನದರಲ್ಲಿ ಹೀಗಿರುತ್ತದೆ: ‘ದಯವಿಟ್ಟು ಈ ನಳಿಕೆಯನ್ನು ಸರಿಸಬೇಡಿ. ಈಗಾಗಲೇ ಸರಿಸಿದ್ದರೆ ಪರವಾಗಿಲ್ಲ.’

ನನ್ನ ಸೀನಿಯರನ್ನು ನಾನು ಅಕ್ಕ ಎನ್ನುತ್ತೇನೆ. ಅವಳು ನನ್ನನ್ನು ಮೌನಗೌರಿ ಎನ್ನುತ್ತಾಳೆ. ಇಬ್ಬರೂ ಒಂದೇ ಹಳದಿ ಪುಡಿ ತಯಾರಿಸುತ್ತೇವೆ. ಲೋಹದ ಗಂಟುಗಳಿಗೆ ಇಂಗಾಲದ ಕಡ್ಡಿಗಳನ್ನು ಜೋಡಿಸಿ ಕಟ್ಟಿದಂಥದ್ದು. ಒಳಗೆಲ್ಲ ಬರೀ ರಂಧ್ರ. ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನು ಬಿಚ್ಚಿ ಹಾಸಿದರೆ ನಾಲ್ಕು ಟೆನಿಸ್ ಅಂಗಣ ಮುಚ್ಚಬಹುದು. ಕಾರ್ಬನ್ ಡೈಆಕ್ಸೈಡ್ ಈ ರಂಧ್ರಗಳಲ್ಲಿ ನುಸುಳಿ ಗೋಡೆಗೆ ಅಂಟಿ ಕೂರಬೇಕು. ಎಷ್ಟು ಕೂರುತ್ತದೆ ಎಂಬುದರ ಮೇಲೆ ನಮ್ಮ ಬದುಕು ನಿಂತಿದೆ. ಐದು ವರ್ಷ ಅಳೆದು ಅಕ್ಕ ಪಡೆದದ್ದು ಗ್ರಾಂ ಪುಡಿಗೆ ೪.೧ ಮಿಲಿಮೋಲ್ ಅನಿಲ. ಎರಡನೇ ತಿಂಗಳಲ್ಲೇ ನನಗೆ ಬಂದದ್ದು ೫.೨.

ನಮ್ಮ ಗೈಡ್ ಮೇಡಂ ನನ್ನ ಗ್ರಾಫನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿದರು.

“ನೋಡಿ ಕಲಿ,” ಎಂದರು ಅಕ್ಕನಿಗೆ. “ಥೀಸಿಸ್ ಈಗಲೇ ಕೊಡೋದು ಬೇಡ. ಇವಳ ಥರ ಪುಡಿ ಮಾಡಿ, ಮೊದಲಿಂದ ಅಳತೆ ಮಾಡು. ಆರು ತಿಂಗಳು ಸಾಕು.”

ಥೀಸಿಸ್ ಬೈಂಡಿಂಗಿಗೆ ಹೋಗಲು ಒಂಬತ್ತು ದಿನ ಉಳಿದಿತ್ತು. ಅದನ್ನು ಕೊಟ್ಟರೆ ಮಾತ್ರ ಅಕ್ಕನಿಗೆ ಮುಂದಿನ ತಿಂಗಳು ಕೆಲಸ.

“ಏನು ಮಂತ್ರ ಹಾಕಿದೆ ತಾಯಿ?” ಅಕ್ಕ ನನ್ನ ಮೇಜಿಗೆ ಬಂದಳು. “ಹೇಳು, ಕಲ್ತ್ಕೋತೀನಿ.”

ನನಗೂ ಗೊತ್ತಿರಲಿಲ್ಲ. ತಲೆಯಲ್ಲಾಡಿಸಿದೆ. ಅವಳು ಅದನ್ನು ಜಂಬ ಎಂದುಕೊಂಡಳು.

ಸಂಜೆ ಮನೆಯಲ್ಲಿ ದಿನಚರಿ ತೆರೆದರೆ, ಹಿಂದಿನ ವಾರದ ಪುಟಕ್ಕೆ, ೫.೨ ಕೊಟ್ಟ ನಳಿಕೆಯ ಲೇಬಲ್ಲನ್ನು ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದೆ. ನಾನು ಏನನ್ನೂ ಎಸೆಯುವವಳಲ್ಲ. ಪಕ್ಕದಲ್ಲಿ ನನ್ನದೇ ಅಕ್ಷರ: ‘ಕಾಯಿಸುವ ಮುಂಚೆ ಕಿತ್ತೆ, ಸುಟ್ಟೀತು ಅಂತ.’

ಖಾಲಿ ನಳಿಕೆ ತೂಗಿದಾಗ ಲೇಬಲ್ ಇತ್ತು. ಪುಡಿ ಹಾಕಿ, ಗಾಳಿಯೆಲ್ಲ ಎಳೆದು, ಹನ್ನೆರಡು ಗಂಟೆ ಕಾಯಿಸಿ ಮತ್ತೆ ತೂಗಿದಾಗ ಇರಲಿಲ್ಲ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಪುಡಿಯ ತೂಕ. ಜೊತೆಗೆ ನನ್ನ ವಿನಯದ ತೂಕವೂ ಕಳೆದುಹೋಗಿತ್ತು. ಪುಡಿ ಕಡಿಮೆಯೆಂದು ಲೆಕ್ಕವಾದದ್ದಕ್ಕೆ ಅದು ಹಿಡಿದ ಅನಿಲ ಹೆಚ್ಚಾಗಿ ಕಂಡಿತ್ತು.

“ಯಾಕೆ ಮುಖ ಹಾಗಾಗಿದೆ?” ಎಂದಳು ಅಮ್ಮ.

“ಏನಿಲ್ಲ.”

“ಏನಿಲ್ಲ ಅಂದ್ರೆ ಏನೋ ಇದೆ. ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತಾ?”

ಮರುದಿನ ಬೆಳಿಗ್ಗೆ ಮೇಡಂ ಕೋಣೆಯ ಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತೆ. ಬಾಗಿಲು ತೆರೆದೇ ಇತ್ತು. ಕೊನೆಗೆ ಅವರೇ ಎದ್ದು ಲ್ಯಾಬಿಗೆ ಹೊರಟರು. ನಾನೂ ಹಿಂದೆ ಹೋದೆ. ಕಾಗದದಲ್ಲಿ ಮೂರು ವಾಕ್ಯ ಬರೆದುಕೊಂಡಿದ್ದೆ, ಅದನ್ನು ಮಡಚಿ ಜೇಬಿಗೆ ಹಾಕಿದೆ. ಅಕ್ಕ ಆಗಲೇ ಮೊದಲಿಂದ ಪುಡಿ ಅರೆಯುತ್ತಿದ್ದಳು. ನಾನು ಸೀದಾ ಹೋಗಿ ತಕ್ಕಡಿಯ ಗಾಜಿನ ಬಾಗಿಲು ಸರಿಸಿ, ಲೇಬಲ್ಲನ್ನು ಇಟ್ಟೆ. ಇಪ್ಪತ್ತೊಂದು ಮಿಲಿಗ್ರಾಂ.

“ಏನಿದು?” ಎಂದರು ಮೇಡಂ.

“ನನ್ನ ನಳಿಕೆಯ ಲೇಬಲ್. ಖಾಲಿ ತೂಕದಲ್ಲಿ ಸೇರ್ಕೊಂಡಿತ್ತು. ಅಕ್ಕನ ಲೆಕ್ಕಾನೇ ಸರಿ ಮೇಡಂ.”

ಆ ಲ್ಯಾಬಿನಲ್ಲಿ ಅಲ್ಲಿಯವರೆಗೆ ನಾನು ಅಷ್ಟುದ್ದ ಮಾತಾಡಿರಲಿಲ್ಲ.

ಮೇಡಂ ಪೆನ್ಸಿಲ್ ಹಿಡಿದರು. ನನ್ನ ಪುಡಿಯ ತೂಕವೆಂದು ಬರೆದಿದ್ದ ಎಂಬತ್ತೊಂದಕ್ಕೆ ಇಪ್ಪತ್ತೊಂದು ಕೂಡಿಸಿದರು, ಭಾಗಿಸಿದರು, ಪೆನ್ಸಿಲ್ ಕೆಳಗಿಟ್ಟರು. ನಾಲ್ಕು ಪಾಯಿಂಟ್ ಒಂದು.

“ಬೈಂಡಿಂಗಿಗೆ ಯಾವತ್ತು?” ಎಂದು ಅಕ್ಕನನ್ನು ಕೇಳಿದರು.

“ಇನ್ನು ಎಂಟು ದಿನ ಮೇಡಂ.”

“ತಡ ಮಾಡಬೇಡ.” ಆಮೇಲೆ ನನ್ನ ಕಡೆ ತಿರುಗಿ, “ಇನ್ಮೇಲೆ ಲೇಬಲ್ಲಿನಲ್ಲಿ ನಂಬರು ಮಾತ್ರ,” ಎಂದರು.

ಅಕ್ಕ ಲೇಬಲ್ಲನ್ನು ಚಿಮಟದಲ್ಲಿ ಎತ್ತಿ ಎರಡು ಸಲ ಓದಿದಳು.

“ಪುಡಿಯೊಳಗೆ ಕೂತ ಗ್ಯಾಸು ನೂರೈವತ್ತು ಡಿಗ್ರಿಗೆ ಹೊರಗೆ ಬರುತ್ತೆ. ನಿನ್ನ ಬಾಯಿಂದ ಮಾತು ಬರೋಕೆ ಎಷ್ಟು ಬೇಕೇ?”

ಮಧ್ಯಾಹ್ನ ಹೊಸ ನಳಿಕೆಗೆ ‘೧’ ಎಂದಷ್ಟೇ ಗಾಜಿನ ಮೇಲೆ ಬರೆದು ತೂಗಿ ಇಟ್ಟೆ. ಹಿಂದಿನಿಂದ ಒಂದು ಕೈ ಅದರತ್ತ ಚಾಚಿತು.

“ಮುಟ್ಬೇಡಿ,” ಎಂದೆ.

ಅದು ಮೇಡಂ ಕೈ.